ಕೂಟ ಯಾರ ಮನೆಗೆ ಹೋಗುವುದಿಲ್ಲ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಪರಿಷತ್ತಿನ ಸದಸ್ಯೆ. ನಮ್ಮಲ್ಲಿ ಸುಮಾರು 140 ಕುಟುಂಬಗಳಿವೆ. ಮೂರು ವರ್ಷಗಳ ಹಿಂದೆ ಹಿಂದಿನ ಗುರುಗಳು (ಪಾದ್ರಿಗಳು) ಎಂಟು ಕಿರು ಕ್ರೈಸ್ತ ಸಮುದಾಯಗಳನ್ನು, ಅಂದರೆ ಅಕ್ಕಪಕ್ಕದ ಮನೆಯವರು ಸೇರಿ ಪ್ರಾರ್ಥಿಸುವ ಕೂಟಗಳನ್ನು, ಮಾಡಿ ಒಂದೊಂದಕ್ಕೂ ಒಬ್ಬ ಸಂತರ ಹೆಸರಿಟ್ಟರು. ಮೊದಮೊದಲು ಪ್ರತಿ ಕೂಟಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಿದ್ದರು. ಈಗ ಆರೇಳು ಹೆಂಗಸರು ಬಂದರೆ ಹೆಚ್ಚು. ಸಂಜೆ ಆರಕ್ಕೆ ಸೇರಿ ಜಪಸರ (ರೋಸರಿ) ಹೇಳಿ, ಒಂದು ಹಾಡು ಹಾಡಿ, ಚಹಾ ಕುಡಿದು ಹೋಗುತ್ತೇವೆ. ಜಾಗ, ಫ್ಯಾನು ಇರುವ ಮೂರು ನಾಲ್ಕು ಮನೆಗಳಲ್ಲೇ ಸರದಿಯಂತೆ ನಡೆಸುತ್ತೇವೆ. ಗಂಡಸರು ಬರುವುದಿಲ್ಲ, ಹುಡುಗರಂತೂ ಇಲ್ಲವೇ ಇಲ್ಲ. ಒಂದು ಕೂಟದಲ್ಲಿ ಎರಡು ಮನೆಯವರು ಜಗಳವಾಡಿಕೊಂಡು ಬಿಟ್ಟೇಬಿಟ್ಟರು. ಭಾನುವಾರದ ಬಲಿಪೂಜೆ (ಚರ್ಚಿನ ಮಾಸ್) ಇರುವಾಗ ಇದೆಲ್ಲ ಬೇಕೇ ಎಂದು ಪರಿಷತ್ತಿನಲ್ಲೇ ಕೆಲವರು ಕೇಳುತ್ತಿದ್ದಾರೆ. ಮುಂದುವರಿಸಬೇಕೋ ನಿಲ್ಲಿಸಬೇಕೋ ತಿಳಿಯದಾಗಿದೆ.

ಉತ್ತರ: ಪ್ರಿಯ ಸಹೋದರಿ, ನಿಲ್ಲಿಸಬೇಡಿ. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಮುಂದುವರಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ಒಂದು ವಾಕ್ಯ ನನ್ನ ಕಣ್ಣಿಗೆ ನೆಟ್ಟಿತು. ಜಾಗ, ಫ್ಯಾನು ಇರುವ ಮೂರು ನಾಲ್ಕು ಮನೆಗಳಲ್ಲೇ ಕೂಡುತ್ತೇವೆ ಎಂದು ನೀವು ಸಹಜವಾಗಿ ಬರೆದುಬಿಟ್ಟಿದ್ದೀರಿ. ಹಾಜರಾತಿ ಇಳಿದದ್ದು, ಗಂಡಸರು ಬಾರದಿರುವುದು, ಪರಿಷತ್ತಿನವರ ಬೇಸರ, ಇವೆಲ್ಲಕ್ಕೂ ಬೇರು ಅಲ್ಲೇ ಇದೆ ಎಂದು ನನ್ನ ಅಭಿಪ್ರಾಯ.

ಲೆಕ್ಕ ನೋಡಿ. 140 ಕುಟುಂಬಗಳಿಗೆ ಎಂಟು ಕೂಟಗಳೆಂದರೆ ಒಂದೊಂದಕ್ಕೆ ಹದಿನೇಳು ಹದಿನೆಂಟು ಮನೆಗಳು. ಇದು ಸರಿಯಾದ ಗಾತ್ರ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುತ್ತದೆ, ಒಂದು ಮನೆಯ ಬಾಗಿಲು ನಾಲ್ಕು ದಿನ ತೆರೆಯದಿದ್ದರೆ ಇನ್ನೊಂದು ಮನೆಗೆ ತಿಳಿಯುತ್ತದೆ. ಹಾಗಾದರೆ ಹದಿನೇಳರಲ್ಲಿ ನಾಲ್ಕು ಮನೆಗಳು ಮಾತ್ರ ಕೂಟವನ್ನು ಕಂಡಿವೆ, ಹದಿಮೂರು ಕಂಡಿಲ್ಲ. ಆ ಹದಿಮೂರು ಯಾವುವು? ಪರಿಷತ್ತಿನ ಮುಂದಿನ ಸಭೆಗೆ ಮುಂಚೆ ಒಂದೊಂದು ಕೂಟದ ಪಟ್ಟಿಯನ್ನೂ ಹರಡಿಕೊಂಡು, ಮೂರು ವರ್ಷಗಳಲ್ಲಿ ಒಮ್ಮೆಯೂ ಪ್ರಾರ್ಥನೆ ನಡೆಯದ ಮನೆಗಳ ಮುಂದೆ ಗುರುತು ಹಾಕಿ. ನಾನು ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಧರ್ಮಕೇಂದ್ರಗಳಲ್ಲಿ ಕಿರು ಸಮುದಾಯಗಳ ತರಬೇತಿ ಮಾಡುತ್ತ ಬಂದವನು. ಹೀಗೆ ಗುರುತು ಹಾಕಿಸಿದಾಗ ಸಾಮಾನ್ಯವಾಗಿ ಉಳಿಯುವ ಮನೆಗಳು ಇವು: ತಗಡಿನ ಮನೆ, ಗಂಡ ಕುಡಿಯುವ ಮನೆ, ಒಂಟಿ ಮುದುಕಿಯ ಮನೆ, ಗಂಡನನ್ನು ಬಿಟ್ಟು ಬಂದವಳ ಮನೆ, ಮಗಳು ಬೇರೆ ಧರ್ಮದವನನ್ನು ಮದುವೆಯಾದ ಮನೆ, ಇತ್ತೀಚೆಗೆ ವಲಸೆ ಬಂದವರ ಮನೆ. ಒಮ್ಮೊಮ್ಮೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇರುತ್ತದೆ. ಆ ಮನೆಯಲ್ಲಿ ನೀರು ಕುಡಿಯಲು ಕೆಲವರು ಹಿಂಜರಿಯುತ್ತಾರೆ. ದೀಕ್ಷಾಸ್ನಾನ ಪಡೆದು ಎರಡು ಮೂರು ತಲೆಮಾರು ಕಳೆದರೂ ಜಾತಿಯ ನೆರಳು ನಮ್ಮ ಕೇರಿಗಳಿಂದ ಪೂರ್ತಿ ಸರಿದಿಲ್ಲ. ಇದನ್ನು ಗುಡಿಯ (ಚರ್ಚಿನ) ಪ್ರವಚನದಲ್ಲಿ ಎಷ್ಟು ಸಲ ಖಂಡಿಸಿದರೂ ಏನೂ ಆಗುವುದಿಲ್ಲ. ಒಬ್ಬರ ಮನೆಯ ಚಾಪೆಯ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿದಾಗ ಆಗುತ್ತದೆ. ಕೂಟ ಇರುವುದೇ ಆ ಕೆಲಸಕ್ಕೆ.

ಇದು ಹೊಸ ರೋಗವಲ್ಲ. ಮೊದಲ ಶತಮಾನದ ಕ್ರೈಸ್ತರಿಗೆ ಗುಡಿಗಳಿರಲಿಲ್ಲ. ಅವರು ಸೇರುತ್ತಿದ್ದದ್ದು ಮನೆಗಳಲ್ಲಿ. ರೋಮ್‌ನಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಸೇರುತ್ತಿದ್ದ ಸಭೆಗೆ ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ವಂದನೆ ಹೇಳುತ್ತಾರೆ. ಗುಡಾರ ಹೊಲಿದು ಬದುಕುತ್ತಿದ್ದ ದಂಪತಿ ಅವರು. ಅದೇ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ನಿಮ್ಮ ಪರಿಷತ್ತಿನವರೆಲ್ಲ ಒಟ್ಟಿಗೆ ಕುಳಿತು ಓದಿ. ಅಲ್ಲಿ ಪ್ರಭುಭೋಜನಕ್ಕೆ ಸೇರಿದವರಲ್ಲಿ ಬಿಡುವಿದ್ದವರು, ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಪೌಲರ ಸಿಟ್ಟು ಆ ಪುಟದಲ್ಲಿ ಇನ್ನೂ ಬಿಸಿಯಾಗಿದೆ. ಏನೂ ಇಲ್ಲದವರನ್ನು ನಾಚಿಸುತ್ತೀರಾ ಎಂದು ಕೇಳುತ್ತಾರೆ, ಉಣ್ಣಲು ಕೂಡುವಾಗ ಒಬ್ಬರಿಗೊಬ್ಬರು ಕಾಯಿರಿ ಎನ್ನುತ್ತಾರೆ.

ಈಗ ನಿಮ್ಮ ಸಂಜೆ ಆರು ಗಂಟೆಯನ್ನು ನೋಡಿ. ಭತ್ತದ ನಾಟಿ ಇರುವಾಗ, ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಕೊಯ್ಯುವಾಗ ಕೂಲಿಗೆ ಹೋದವರು ಟ್ರ್ಯಾಕ್ಟರ್ ಇಳಿದು ಮನೆ ಸೇರುವುದು ಯಾವಾಗ? ಆರಕ್ಕೆ ಯಾರು ಬಿಡುವಾಗಿರುತ್ತಾರೆ? ಸಂಬಳದ ಕೆಲಸದವರು, ಮನೆಯಲ್ಲೇ ಇರುವವರು, ವಯಸ್ಸಾದವರು. ನಿಮ್ಮ ಕೂಟಕ್ಕೆ ಗಂಡಸರು ಬರುವುದಿಲ್ಲ ಎನ್ನುವುದಕ್ಕಿಂತ, ಗಂಡಸರು ಬರಲಾಗದ ಹೊತ್ತಿನಲ್ಲಿ ಕೂಟ ನಡೆಯುತ್ತಿದೆ ಎನ್ನುವುದು ಹೆಚ್ಚು ನಿಜ. ಕೂಲಿಗೆ ಹೋಗುವ ಹೆಂಗಸರೂ ಬರಲಾರರು. ರಾತ್ರಿ ಎಂಟಕ್ಕೆ, ಊಟ ಆದ ಮೇಲೆ, ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಕೂಡಿ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸೆಕೆಗೆ ಅದೇ ಮೇಲು, ಫ್ಯಾನಿನ ಪ್ರಶ್ನೆಯೂ ಬಗೆಹರಿಯುತ್ತದೆ. ಎಲ್ಲರೂ ಬಂದ ಮೇಲೆ ಆರಂಭಿಸಿ. ಕಾಯುವುದನ್ನು ಪ್ರಾರ್ಥನೆಯ ಭಾಗವೆಂದೇ ತಿಳಿಯಿರಿ, ಪೌಲರು ಹೇಳಿದ್ದು ಅದನ್ನೇ.

ವಾರ ವಾರವೂ ಕೂಡಲೇಬೇಕೆಂಬ ಹಟವೂ ಬೇಡ. ಕಾಲುವೆಗೆ ನೀರು ಬಿಟ್ಟಾಗ ಇಡೀ ಸಿಂಧನೂರು, ಗಂಗಾವತಿ ಸೀಮೆ ಗದ್ದೆಯಲ್ಲಿರುತ್ತದೆ. ಆ ವಾರಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಕೊಯ್ಲು ಮುಗಿದ ಮೇಲೆ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ವಾರಕ್ಕೊಮ್ಮೆ ಕೂಡಿ. ಅಕ್ಟೋಬರ್ ಜಪಸರದ ತಿಂಗಳು. ಮರಿಯ ಮಾತೆಯ ಸ್ವರೂಪವನ್ನು ಮನೆಯಿಂದ ಮನೆಗೆ ಕೊಂಡೊಯ್ಯುವ ವಾಡಿಕೆ ನಿಮ್ಮಲ್ಲಿದ್ದರೆ ಹದಿಮೂರು ಮನೆಗಳ ಬಾಗಿಲು ತೆರೆಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಾತೆ ಬರುತ್ತಾಳೆ ಎಂದರೆ ತಗಡಿನ ಮನೆಯವರೂ ಸಾರಿಸಿ ಗುಡಿಸಿ ಕಾಯುತ್ತಾರೆ, ಬೇಡ ಎನ್ನುವವರು ಕಡಿಮೆ. ಒಂದೇ ಎಚ್ಚರಿಕೆ. ಆ ತಿಂಗಳು ಯಾವ ಮನೆಯಲ್ಲೂ ಚಹಾ ಬಿಟ್ಟು ಬೇರೇನೂ ಕೊಡಕೂಡದು ಎಂದು ಮೊದಲೇ ನಿಶ್ಚಯಿಸಿ. ಒಂದು ಮನೆಯಲ್ಲಿ ಮಿರ್ಚಿ ಮಂಡಕ್ಕಿ, ಇನ್ನೊಂದರಲ್ಲಿ ಕೇಸರಿಬಾತು ಎಂದು ಪೈಪೋಟಿ ಶುರುವಾದರೆ ಬಡವರು ತಮ್ಮ ಸರದಿಯನ್ನು ಮೆಲ್ಲಗೆ ತಪ್ಪಿಸಿಕೊಳ್ಳುತ್ತಾರೆ. ಅನೇಕ ಕೂಟಗಳು ತಿಂಡಿಯ ತಟ್ಟೆಯಿಂದಲೇ ಒಡೆದಿವೆ.

ಭಾನುವಾರದ ಬಲಿಪೂಜೆ ಇರುವಾಗ ಇದೇಕೆ ಎಂದು ಕೇಳುವವರಿಗೆ ಗೌರವದಿಂದ ಉತ್ತರಿಸಿ, ಪ್ರಶ್ನೆ ಪ್ರಾಮಾಣಿಕವಾದದ್ದು. ಬಲಿಪೂಜೆಗೆ ಬದಲಾಗಿ ಕೂಟ ಇಲ್ಲ. ಆದರೆ ಗುಡಿಯಲ್ಲಿ ಇನ್ನೂರು ಮುನ್ನೂರು ಜನ ಒಟ್ಟಿಗೆ ನಿಂತು ಒಂದೇ ಪರಮಪ್ರಸಾದ ಸ್ವೀಕರಿಸಿ ಹೊರಬಂದಾಗ, ಪಕ್ಕದಲ್ಲಿ ಮೊಣಕಾಲೂರಿದ್ದವರ ಮನೆಯಲ್ಲಿ ಅಡುಗೆಗೆ ಅಕ್ಕಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಜೆರುಸಲೇಮಿನ ಮೊದಲ ಸಭೆಗೇ ಈ ಕಷ್ಟ ಬಂದಿತ್ತು. ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ, ಗ್ರೀಕ್ ಭಾಷೆಯ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಮರೆಯಲಾಗುತ್ತಿದೆ ಎಂಬ ದೂರು ಬರುತ್ತದೆ. ಪ್ರೇಷಿತರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಆ ದೂರನ್ನು ತಳ್ಳಿಹಾಕಲಿಲ್ಲ, ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಲು ಸಭೆಗೆ ಹೇಳಿದರು. ಅದಕ್ಕೂ ಬಹಳ ಹಿಂದೆ, ವಿಮೋಚನಾಕಾಂಡದಲ್ಲಿ, ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಎಲ್ಲರ ತಕರಾರು ಕೇಳುತ್ತಿದ್ದುದನ್ನು ಕಂಡು ಅವನ ಮಾವ ಇತ್ರೋ, ಇದರಿಂದ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದು ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖಂಡರನ್ನು ನೇಮಿಸಲು ಹೇಳಿದ. ಒಬ್ಬರೇ ಗುರುಗಳು, 140 ಕುಟುಂಬಗಳು, ಜೊತೆಗೆ ಶಾಲೆಯ ಆಡಳಿತ, ಹಳ್ಳಿಯ ಉಪಕೇಂದ್ರಗಳ ಓಡಾಟ. ಇತ್ರೋನ ಮಾತು ನಿಮ್ಮ ಧರ್ಮಕೇಂದ್ರಕ್ಕೆಂದೇ ಹೇಳಿದಂತಿದೆ.

ನಿಮ್ಮ ಜಿಲ್ಲೆಯ ಮೆಥಡಿಸ್ಟ್ ಸಭೆಯವರಲ್ಲಿ ಇದರ ಇನ್ನೊಂದು ಪಾಠ ಇದೆ. ಕಥೋಲಿಕರಾದ ನಾವು ಅದನ್ನು ಕಲಿಯಲು ಸಂಕೋಚಪಡಬೇಕಾಗಿಲ್ಲ. ಮೆಥಡಿಸ್ಟ್ ಪಂಥ ಆರಂಭಿಸಿದ ಜಾನ್ ವೆಸ್ಲಿಯವರ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯ ಕಟ್ಟಿದ ಸಾಲ ತೀರಿಸಬೇಕಾಗಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಬಡವರಿಗೆ ಅದೂ ಆಗದು ಎಂದಾಗ ಹಡಗಿನ ಕ್ಯಾಪ್ಟನ್ ಒಬ್ಬರು ಎದ್ದು, ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರ ವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ತರುತ್ತೇನೆ, ಕೊಡಲಾಗದವರ ಪಾಲನ್ನು ನಾನೇ ಹಾಕುತ್ತೇನೆ ಎಂದರು. ಉಳಿದವರೂ ಹಾಗೆಯೇ ಹನ್ನೆರಡರ ಗುಂಪುಗಳನ್ನು ಹಂಚಿಕೊಂಡರು. ಹಣಕ್ಕೆಂದು ಮನೆ ಮನೆಗೆ ಹೋದವರು ಅಲ್ಲಿನ ಜಗಳ, ಕುಡಿತ, ಕಾಯಿಲೆ ಕಂಡು ಬಂದು ಹೇಳತೊಡಗಿದಾಗ, ತಾನು ಬಹುದಿನಗಳಿಂದ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಅನ್ನಿಸಿತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹೀಗೆ. ಮೊದಲು ಮನೆ ಮನೆಗೆ ಭೇಟಿ ಇತ್ತು, ಎಲ್ಲರೂ ಒಂದು ಕಡೆ ಕೂಡುವುದು ಆಮೇಲೆ ಬಂತು. ನಮ್ಮಲ್ಲಿ ಬಹುತೇಕ ಕಡೆ ಇದು ತಲೆಕೆಳಗಾಗಿದೆ. ಎಲ್ಲರನ್ನೂ ಒಂದು ಮನೆಗೆ ಕರೆಯುತ್ತೇವೆ, ಬಾರದವರನ್ನು ಬೈಯುತ್ತೇವೆ, ಅವರ ಮನೆಗೆ ಹೋಗುವುದಿಲ್ಲ.

ಕಥೋಲಿಕ ಸಭೆಯಲ್ಲಿ ಈಗಿನ ರೂಪದ ಕಿರು ಸಮುದಾಯಗಳು ಬಲಗೊಂಡದ್ದು ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದಲ್ಲಿ. ಗುರುಗಳು ವರ್ಷಕ್ಕೊಂದೆರಡು ಸಲ ಮಾತ್ರ ತಲುಪಬಲ್ಲ ಹಳ್ಳಿಗಳ ಬಡಜನ ತಾವೇ ಸೇರಿ ಬೈಬಲ್ಲಿನ ಶುಭಸಂದೇಶ ಓದತೊಡಗಿದರು. 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್ಪರು) ಅದಕ್ಕೆ ಮನ್ನಣೆ ಕೊಟ್ಟರು. 1976ರಲ್ಲಿ ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು ಅದನ್ನು ತಮ್ಮ ಪಾಲನಾ ಸೇವೆಯ ಮೊದಲ ಆದ್ಯತೆ ಮಾಡಿಕೊಂಡರು. 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾದ ಧರ್ಮಾಧ್ಯಕ್ಷರು, ಧರ್ಮಸಭೆಯು ಸಮುದಾಯಗಳ ಸಮುದಾಯವಾಗಬೇಕು ಎಂದರು. ತಮಿಳುನಾಡಿನಲ್ಲಿ ಅನ್ಬಿಯಂ ಎಂದು ಕರೆಯುವ ಕೂಟಗಳು ಇದೇ ಹರಿವಿನವು. ಮಂಗಳೂರಿನ ವಾಡೊಗಳು (ಧರ್ಮಕೇಂದ್ರದ ವಾರ್ಡುಗಳು) ಬೇರೆ, ಗುರಿಕಾರರೆಂಬ ಹಿರಿಯರ ಮುಂದಾಳುತನದಲ್ಲಿ ನಡೆದುಬಂದ ಹಳೆಯ ವ್ಯವಸ್ಥೆ ಅದು. ಕರಾವಳಿಯಿಂದ ಬಂದ ಗುರುಗಳು, ಸಿಸ್ಟರ್‌ಗಳು ಒಮ್ಮೊಮ್ಮೆ ಆ ಮಾದರಿಯನ್ನೇ ಇಲ್ಲಿ ಇಳಿಸಲು ನೋಡುತ್ತಾರೆ. ಅದು ಇಲ್ಲಿ ಕೂರುವುದಿಲ್ಲ. ನಮ್ಮ ಕ್ರೈಸ್ತರು ಒಂದು ಊರಿನಲ್ಲಿ ಒಂದೇ ಕೇರಿಯಲ್ಲಿ ಒತ್ತಾಗಿ ಇರುತ್ತಾರೆ, ಮುಂದಿನ ಊರಿನಲ್ಲಿ ಐದೇ ಮನೆ ಇರುತ್ತವೆ. ನಿಮ್ಮ ಎಂಟು ಕೂಟಗಳಲ್ಲಿ ಹಳ್ಳಿಯವು ಎಷ್ಟು ಎಂದು ನೀವು ಬರೆದಿಲ್ಲ. ಗುರುಗಳು ತಿಂಗಳಿಗೊಮ್ಮೆ ಮಾತ್ರ ಬರುವ ಉಪಕೇಂದ್ರವಿದ್ದರೆ ಆ ಊರಿನ ಕೂಟವೇ ಅಲ್ಲಿನ ಧರ್ಮಸಭೆ. ಮನೆ ಐದೇ ಇದ್ದರೂ ಅದನ್ನು ಪಕ್ಕದ ಊರಿನ ಜೊತೆ ಸೇರಿಸಬೇಡಿ. ರಾತ್ರಿ ಎಂಟಕ್ಕೆ ಯಾರೂ ಮೂರು ಮೈಲಿ ನಡೆದು ಬರುವುದಿಲ್ಲ.

ಇನ್ನು ಕೂಟದ ಒಳಗೆ ಏನು ನಡೆಯಬೇಕು ಎನ್ನುವುದು. ಜಪಸರವನ್ನು ಬಿಡಿ ಎನ್ನುವುದಿಲ್ಲ, ಅದು ನಮ್ಮ ಹಿರಿಯರ ಉಸಿರು. ಆದರೆ ಜಪಸರದಲ್ಲಿ ಎಲ್ಲರೂ ಒಂದೇ ಮಾತನ್ನು ಹೇಳುತ್ತಾರೆ, ಯಾರೂ ತಮ್ಮ ಮಾತನ್ನು ಹೇಳುವುದಿಲ್ಲ. ಅದರ ಒಂದು ದಶಕ, ಅಂದರೆ ಹತ್ತು ಮಣಿಗಳ ಪ್ರಾರ್ಥನೆ, ಹೇಳಿ ಶುಭಸಂದೇಶಕ್ಕೆ ಬನ್ನಿ. ದಕ್ಷಿಣ ಆಫ್ರಿಕಾದ ಲುಂಕೊ ಸಂಸ್ಥೆಯಿಂದ ಬಂದ ಏಳು ಹೆಜ್ಜೆಗಳ ವಿಧಾನ ನಿಮ್ಮ ಮುಂದಾಳುಗಳಿಗೆ ಗೊತ್ತಿರಬಹುದು, ಕಾಗದದಲ್ಲಂತೂ ಎಲ್ಲ ಕಡೆ ಇದೆ. ಪ್ರಭುವನ್ನು ಆಹ್ವಾನಿಸುವುದು, ವಾಕ್ಯವನ್ನು ಓದುವುದು, ಮನಸ್ಸಿಗೆ ತಟ್ಟಿದ ಪದವನ್ನು ಒಬ್ಬೊಬ್ಬರೂ ಮತ್ತೆ ಉಚ್ಚರಿಸುವುದು, ಮೌನ, ಆ ಪದ ತನಗೆ ಏಕೆ ತಟ್ಟಿತು ಎಂದು ಹಂಚಿಕೊಳ್ಳುವುದು, ನಾವು ಈಗ ಮಾಡಬೇಕಾದ ಕೆಲಸವೇನು ಎಂದು ಮಾತನಾಡುವುದು, ಕೊನೆಗೆ ಸ್ವಂತ ಮಾತಿನಲ್ಲಿ ಪ್ರಾರ್ಥನೆ. ಆರನೆಯ ಹೆಜ್ಜೆಯೊಂದನ್ನು ಬಹಳ ಕೂಟಗಳು ಹಾರಿಸಿಬಿಡುತ್ತವೆ. ಐದನೆಯದು ಮುಗಿಯುವಾಗ ಹೊತ್ತಾಗಿರುತ್ತದೆ, ಯಾರೋ ಹಾಡು ಎತ್ತುತ್ತಾರೆ, ಚಹಾ ಬರುತ್ತದೆ. ನನ್ನ ಪ್ರಕಾರ ಆರನೆಯ ಹೆಜ್ಜೆ ಇಲ್ಲದ ಕೂಟ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೀವ ಹಿಡಿದುಕೊಳ್ಳಲಾರದು. ನಿಮ್ಮಲ್ಲಿ ಆದದ್ದೂ ಅದೇ ಇರಬೇಕು.

ಆರನೆಯ ಹೆಜ್ಜೆ ದೊಡ್ಡ ಯೋಜನೆ ಆಗಬೇಕಾಗಿಲ್ಲ. ಈ ವಾರ ಯಾರಿಗೆ ಹುಷಾರಿಲ್ಲ? ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೋ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲೋ ಯಾರಾದರೂ ದಾಖಲಾಗಿದ್ದಾರೆಯೇ, ರಾತ್ರಿ ಜೊತೆಗೆ ಮಲಗಲು ಯಾರು ಹೋಗುತ್ತಾರೆ? ಯಾರ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಿದೆ? ಯಾರ ಪಿಂಚಣಿ ನಿಂತಿದೆ, ತಾಲ್ಲೂಕು ಕಚೇರಿಗೆ ಅವರ ಜೊತೆ ಯಾರು ಹೋಗುತ್ತಾರೆ? ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಅದರಲ್ಲಿ ಹಾಜರಾತಿ ಬರೆಯಬೇಡಿ, ಈ ಪ್ರಶ್ನೆಗಳಿಗೆ ಬಂದ ಉತ್ತರ ಮತ್ತು ಹೊಣೆ ಹೊತ್ತವರ ಹೆಸರು ಬರೆಯಿರಿ. ಮುಂದಿನ ಕೂಟ ಆ ಪುಟವನ್ನು ಓದುವುದರಿಂದ ಶುರುವಾಗಲಿ. ಹೀಗೆ ಮಾಡಿದರೆ ಗಂಡಸರು ಬರುತ್ತಾರೆ. ಕುಳಿತು ಹಂಚಿಕೊಳ್ಳಿ ಎಂದರೆ ನಮ್ಮ ಗಂಡಸರಿಗೆ ಬಾಯಿ ಕಟ್ಟುತ್ತದೆ. ಆ ಮುದುಕಿಯ ಮಾಳಿಗೆ ಸೋರುತ್ತಿದೆ, ಭಾನುವಾರ ಪೂಜೆ ಮುಗಿಸಿ ನಾಲ್ಕು ಜನ ಮೇಲೆ ಮಣ್ಣು ಹಾಕೋಣ ಎಂದರೆ ಎಂಟು ಜನ ಬರುತ್ತಾರೆ. ಮೊದಲ ದಿನ ಕೆಲಸಕ್ಕೆ ಬಂದವನು ಮೂರನೆಯ ತಿಂಗಳು ಪ್ರಾರ್ಥನೆಗೂ ಕೂರುತ್ತಾನೆ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹುಡುಗರ ವಿಷಯ ಇನ್ನೂ ಸರಳ. ಅವರಿಗೆ ಹೊಣೆ ಕೊಡಿ. ಅರ್ಜಿ ತುಂಬುವುದು, ಮೊಬೈಲ್‌ನಲ್ಲಿ ಬೆಂಗಳೂರಿಗೆ ದುಡಿಯಲು ಹೋದವರನ್ನು ಕೂಟದ ಹೊತ್ತಿಗೆ ಮಾತಿಗೆ ಸೇರಿಸುವುದು, ಪರೀಕ್ಷೆಯ ಮಕ್ಕಳಿಗೆ ಸಂಜೆ ಪಾಠ ಹೇಳುವುದು, ಇವೆಲ್ಲ ಅವರ ಕೈಯಲ್ಲಿರಲಿ.

ಗುಳೆ ಹೋಗುವವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಸಂಕಟ. ಕಾಲುವೆಯ ನೀರು ತಲುಪದ ಊರುಗಳಿಂದ ಸುಗ್ಗಿ ಮುಗಿದೊಡನೆ ಗಂಡಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಶಾಲೆಯ ಮಕ್ಕಳು. ಧರ್ಮಕೇಂದ್ರದ ದಾಖಲೆಯಲ್ಲಿ ಆ ಕುಟುಂಬ ಇದೆ, ನಿಜವಾಗಿ ಅರ್ಧ ಇಲ್ಲ. ಹೊರಡುವ ಮುಂಚಿನ ವಾರದ ಕೂಟವನ್ನು ಅವರ ಮನೆಯಲ್ಲೇ ಮಾಡಿ ಆಶೀರ್ವದಿಸಿ ಕಳುಹಿಸಿ. ಅಲ್ಲೇ, ಎಲ್ಲರ ಮುಂದೆ, ಅಜ್ಜಿಯ ಔಷಧಿ ಯಾರು ತರುತ್ತಾರೆ, ಪಡಿತರ ಯಾರು ತಂದುಕೊಡುತ್ತಾರೆ, ಮಗು ಶಾಲೆಗೆ ಹೋಗದಿದ್ದರೆ ಯಾರು ಕೇಳುತ್ತಾರೆ ಎಂದು ನಿಶ್ಚಯಿಸಿ. ತಂದೆತಾಯಿ ನಿಶ್ಚಿಂತೆಯಿಂದ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಊರಿಗೆ ಮರಳಿದಾಗ ಯಾರೂ ಕರೆಯದೆಯೇ ಕೂಟಕ್ಕೆ ಬರುತ್ತಾರೆ. ಸಾವಿನ ಮನೆಯಲ್ಲೂ ಹೀಗೆಯೇ. ಗುಂಡಿ ತೋಡುವುದು, ಗುರುಗಳಿಗೆ ಸುದ್ದಿ ಮುಟ್ಟಿಸುವುದು, ದೂರದಿಂದ ಬಂದವರಿಗೆ ಅನ್ನ ಸಾರು ಮಾಡುವುದು ಕೂಟದ ಕೆಲಸ, ದುಃಖದಲ್ಲಿರುವ ಮನೆಯವರದಲ್ಲ.

ಓದು ಬಾರದವರು ಕೂಟದಲ್ಲಿ ಹಿಂದೆ ಸರಿಯುತ್ತಾರೆ. ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರ ದೀರ್ಘ ದುಡಿಮೆಯ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಜನ ತಮ್ಮ ಮಾತಿನಲ್ಲಿ ದೇವರ ವಾಕ್ಯ ಕೇಳಲಿ ಎಂದು ನಡೆದ ಕೆಲಸ ಅದು. ಎರಡು ಶತಮಾನಗಳ ನಂತರವೂ ನಮ್ಮ ಕೂಟಗಳಲ್ಲಿ ಓದಬಲ್ಲ ಇಬ್ಬರೇ ಮಾತನಾಡಿದರೆ ಹೇಗೆ? ವಾಕ್ಯವನ್ನು ನಿಧಾನವಾಗಿ ಎರಡು ಸಲ ಓದಿಸಿ. ಮೂರನೆಯ ಸಲ ಓದು ಬಾರದ ಒಬ್ಬರಿಗೆ ಆ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲು ಕೇಳಿ. ಯೇಸು ಹೇಳಿದ ಬಿತ್ತುವವನ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಎರೆಹೊಲದಲ್ಲಿ ಬಿತ್ತಿ ಬೆಳೆದವರು ಹೇಳುವುದನ್ನು ಕೇಳಿಸಿಕೊಳ್ಳಿ. ಕಲ್ಲುನೆಲ ಎಂದರೇನು, ಮುಳ್ಳು ಪೈರನ್ನು ಹೇಗೆ ಅದುಮುತ್ತದೆ ಎನ್ನುವುದು ಅವರಿಗೆ ಯಾವ ಉಪದೇಶಿಗಿಂತಲೂ ಚೆನ್ನಾಗಿ ಗೊತ್ತು. ಮನೆಯಲ್ಲಿ ತೆಲುಗು, ತಮಿಳು ಆಡುವವರಿದ್ದರೆ ಅವರು ತಮ್ಮ ಭಾಷೆಯಲ್ಲೇ ಪ್ರಾರ್ಥಿಸಲಿ. ಬಳ್ಳಾರಿ ನಗರದ ಧರ್ಮಕೇಂದ್ರಗಳಲ್ಲಿ ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಗಣಿಯಂಥ ಕೆಲಸದ ಊರುಗಳಲ್ಲಿ ಇದು ಇನ್ನೂ ಮುಖ್ಯ. ಭಾಷೆಗೊಂದು ಕೂಟ ಮಾಡುವುದು ಸುಲಭ, ಆದರೆ ಬೇಡ. ಬೀದಿಗೊಂದು ಕೂಟ ಇರಲಿ. ನಮಗೆ ಬೇಕಾದವರನ್ನು ಆರಿಸಿಕೊಂಡು ಕೂಡುವುದಾದರೆ ಅದಕ್ಕೆ ಧರ್ಮಸಭೆಯ ಅಗತ್ಯವೇ ಇಲ್ಲ.

ಮುಂದಾಳುಗಳ ಬಗ್ಗೆ ಕೆಲವು ಮಾತು ಚುಟುಕಾಗಿ ಹೇಳುತ್ತೇನೆ. ಒಬ್ಬರಲ್ಲ, ಇಬ್ಬರಿರಲಿ, ಬೇರೆ ಬೇರೆ ಮನೆಯವರು, ಒಬ್ಬರಾದರೂ ಹೆಂಗಸು. ಎರಡು ವರ್ಷಕ್ಕೆ ಬದಲಾಯಿಸಿ. ಊರಿನ ರಾಜಕೀಯದಲ್ಲಿ ಓಡಾಡುವವರನ್ನು ನೇಮಿಸಬೇಡಿ, ಚುನಾವಣೆ ಬಂದಾಗ ಕೂಟ ಅವರ ಮತದಾರರ ಪಟ್ಟಿ ಆಗುತ್ತದೆ. ಗುರುಗಳು ಪ್ರತಿ ಕೂಟಕ್ಕೆ ಬರುವ ಅಗತ್ಯವಿಲ್ಲ. ಅವರು ಬಂದರೆ ಎಲ್ಲರೂ ಕೇಳುಗರಾಗಿಬಿಡುತ್ತಾರೆ. ಬದಲಿಗೆ ತಿಂಗಳಿಗೊಮ್ಮೆ ಹದಿನಾರು ಮುಂದಾಳುಗಳನ್ನೂ ಕೂರಿಸಿಕೊಂಡು ಅವರು ಕಂಡದ್ದನ್ನು ಕೇಳಲಿ, ವರ್ಷಕ್ಕೊಮ್ಮೆ ಒಂದೊಂದು ಕೂಟದಲ್ಲಿ ಬಲಿಪೂಜೆ ಅರ್ಪಿಸಲಿ. ಆ ಪೂಜೆಯನ್ನು ಕೂಟದ ಅತಿ ಚಿಕ್ಕ ಮನೆಯ ಅಂಗಳದಲ್ಲಿ ಇಡಲು ನೀವೇ ಕೇಳಿಕೊಳ್ಳಿ. ಪಾಲನಾ ಪರಿಷತ್ತಿಗೆ ಪ್ರತಿ ಕೂಟದಿಂದ ಒಬ್ಬರು ಬರಬೇಕು. ಕೂಟದಲ್ಲಿ ಕೇಳಿದ ಮಾತು ಪರಿಷತ್ತಿನವರೆಗೂ ತಲುಪುವುದಿಲ್ಲ ಎಂದಾದರೆ ಜನ ಎಷ್ಟು ದಿನ ಹೇಳಿಯಾರು?

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಹೆಂಗಸರ ಸ್ವಸಹಾಯ ಸಂಘವನ್ನೂ ಕೂಟವನ್ನೂ ಬೆರೆಸಬೇಡಿ. ಸಂಘ ಒಳ್ಳೆಯದೇ, ಆದರೆ ಕಂತು ಕಟ್ಟಲಾಗದವಳು ಅವತ್ತಿನಿಂದ ಪ್ರಾರ್ಥನೆಗೂ ಬರುವುದಿಲ್ಲ. ಚೀಟಿ ವ್ಯವಹಾರವಂತೂ ಕೂಟದ ಹೊಸ್ತಿಲು ದಾಟಬಾರದು. ಆಸ್ಪತ್ರೆ ಅಥವಾ ಸಾವಿನ ಖರ್ಚಿಗೆ ಎತ್ತಿದ ಹಣದ ಲೆಕ್ಕವನ್ನು ಮುಂದಿನ ಕೂಟದಲ್ಲೇ ಓದಿ ಮುಗಿಸಿ.

ನೆರೆಯವರು ಏನೆನ್ನುತ್ತಾರೋ ಎಂಬ ಅಂಜಿಕೆಯೂ ಈಗ ಕೆಲವು ಮನೆಗಳಿಗಿದೆ. ಹೊಸ ಮನೆಯಲ್ಲಿ ಕೂಡುವ ಮುಂಚೆ ಅಕ್ಕಪಕ್ಕದವರಿಗೆ ಮನೆಯವರೇ ಹೋಗಿ ತಿಳಿಸಲಿ. ಮೈಕು ಬೇಡ, ಬಾಗಿಲು ಮುಚ್ಚುವುದೂ ಬೇಡ. ಮಾಳಿಗೆಗೆ ಮಣ್ಣು ಹಾಕುವಾಗ, ಬೀದಿಯ ನಲ್ಲಿ ಕೆಟ್ಟಾಗ ನೆರೆಯವರೊಡನೆ ಸೇರಿ ದುಡಿಯಿರಿ. ಮುದಗಲ್ಲಿನ ಮೊಹರಂಗೆ ಎಲ್ಲ ಮತದವರೂ ಸೇರುವ ಜಿಲ್ಲೆ ನಿಮ್ಮದು, ಅದೇ ಊರಿನಲ್ಲಿ ಶತಮಾನಗಳ ಹಿಂದಿನಿಂದ ಕ್ರೈಸ್ತರೂ ಬದುಕಿದ್ದಾರೆ. ಕೂಡಿ ಬಾಳುವ ರೂಢಿ ಈ ನೆಲಕ್ಕೆ ಹೊಸದಲ್ಲ.

ಕೊನೆಗೆ ನಿಮ್ಮ ಎರಡು ಮನೆಗಳ ಜಗಳ. ಕಾರಣ ನೀವು ಬರೆದಿಲ್ಲ, ನನಗೆ ಬೇಕಾಗಿಯೂ ಇಲ್ಲ. ಆದರೆ ಕೂಟದಲ್ಲಿ ಹಂಚಿಕೊಂಡ ಮನೆಯ ಮಾತು ಮರುದಿನ ನಲ್ಲಿಯ ಹತ್ತಿರ ಕೇಳಿಬಂದದ್ದೇ ಕಾರಣವಾಗಿದ್ದರೆ ಮೊದಲು ಆ ಸೋರಿಕೆ ನಿಲ್ಲಬೇಕು. ಪ್ರತಿ ಕೂಟದ ಆರಂಭದಲ್ಲಿ, ಇಲ್ಲಿ ಆಡಿದ ಮಾತು ಇಲ್ಲಿಂದ ಹೊರಗೆ ಹೋಗುವುದಿಲ್ಲ ಎಂದು ಎಲ್ಲರೂ ಬಾಯಿಬಿಟ್ಟು ಒಪ್ಪಲಿ. ರಾಜಿಗೆ ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯ ಹೇಳಿದ ಕ್ರಮವನ್ನೇ ಹಿಡಿಯಿರಿ. ಮೊದಲು ಅವರಿಬ್ಬರೇ ಕೂತು ಮಾತನಾಡುವಂತೆ ಮಾಡಿ. ಆಗದಿದ್ದರೆ ಇಬ್ಬರಿಗೂ ಬೇಕಾದ ಒಬ್ಬಿಬ್ಬರು ಹಿರಿಯರು ಜೊತೆಗಿರಲಿ. ಅದೂ ಆಗದಿದ್ದರೆ ಮಾತ್ರ ಸಭೆಯ ಮುಂದೆ ತನ್ನಿ, ಗುರುಗಳನ್ನು ಕರೆಯುವುದೂ ಆಗಲೇ. ನಮ್ಮಲ್ಲಿ ಮೊದಲ ದಿನವೇ ಗುರುಗಳ ಬಳಿ ಪಂಚಾಯಿತಿಗೆ ಓಡುತ್ತಾರೆ, ಅಲ್ಲಿ ಒಬ್ಬರು ಗೆದ್ದರು, ಒಬ್ಬರು ಸೋತರು ಎಂದಾಗುತ್ತದೆ, ಸೋತವರು ಗುಡಿಯನ್ನೇ ಬಿಡುತ್ತಾರೆ.

ಎಂಟು ಕೂಟಗಳನ್ನೂ ಒಟ್ಟಿಗೆ ಎಬ್ಬಿಸಲು ಹೋಗಬೇಡಿ. ಜಗಳವಾದ ಆ ಕೂಟವನ್ನೂ ಹಳ್ಳಿಯದೊಂದನ್ನೂ ಆರಿಸಿಕೊಂಡು ಆರು ತಿಂಗಳು ಹೀಗೆ ನಡೆಸಿ, ಉಳಿದ ಆರು ಈಗಿನಂತೆಯೇ ಇರಲಿ. ಪಟ್ಟಿಯಲ್ಲಿ ಗುರುತು ಹಾಕಿದ ಮನೆಗಳಿಗೆ ಪರಿಷತ್ತಿನವರು ಇಬ್ಬಿಬ್ಬರಾಗಿ ಮೊದಲು ಹೋಗಿ ಬನ್ನಿ. ಕೂಟಕ್ಕೆ ಬನ್ನಿ ಎಂದು ಆ ದಿನ ಹೇಳಬೇಡಿ. ನಿಮ್ಮ ಮನೆಗೆ ನಾವು ಬರಬಹುದೇ ಎಂದು ಕೇಳಿ.